ಜಿಪ್ ಅಂಗಡಿಯ ಹಿಂದೆ ಕೂರುವ ಡಿಸ್ಕಕ್ಕ

"ಧ್ವನಿ ಎಲ್ಲೂ ಹೋಗಿಲ್ಲ ಅಮ್ಮಾ, ಡಿಸ್ಕಿನೊಳಗೇ ಇದೆ. ಬೀಗದ ಕೈನ ಮಾತ್ರ ನೀವು ಮಾರಿಬಿಟ್ಟಿದೀರಿ."

"ಬೀಗದ ಕೈನಾ? ನಾನ್ಯಾವಾಗ ಮಾರಿದೆ?"

"ಹಳೇ ಲ್ಯಾಪ್‌ಟಾಪ್ ಮಾರಿದ್ರಲ್ಲ, ಅವತ್ತೇ."

ಈ ಸುದ್ದಿ ಹೇಳಿದವರು ತಲೆ ಎತ್ತುವುದಿಲ್ಲ. ಹೊರಗೆ ಬೀದಿದೀಪಗಳು ಇನ್ನೂ ಆರಿಲ್ಲ. ಒಳಗೆ, ಬ್ಯಾಗು, ಜಿಪ್ಪು, ಕೊಡೆ ರಿಪೇರಿ ಮಾಡುವ ಅಂಗಡಿಯ ಹಿಂಭಾಗದಲ್ಲಿ, ಪರದೆಯಾಚೆ ಒಂದು ಕಿರುಕೋಣೆ. ಉದ್ದನೆಯ ಮೇಜಿನ ಮೇಲೆ ಮೂರು ಕಂಪ್ಯೂಟರುಗಳು ಪಕ್ಕಪಕ್ಕ ಕೂತಿವೆ. ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್, ಮೂಲೆ ಒಡೆದ ಮೂರನೆಯದು ಹಳೇ ಮ್ಯಾಕ್. ಅವುಗಳ ನಡುವೆ, ಮಡಚಿದ ಟವೆಲ್ಲಿನ ಮೇಲೆ, ಮಲಗಿಸಿದ ಕೂಸಿನ ಹಾಗೆ ಅಂಗೈಯಗಲದ ಕಪ್ಪು ಡಿಸ್ಕ್. ಅದರ ಪುಟ್ಟ ದೀಪ ಮಿಣುಕುತ್ತಿದೆ.

ಎದುರಿನ ಸ್ಟೂಲಿನಲ್ಲಿ ಕೂತವರು ನಾಲ್ಕು ರಸ್ತೆ ಆಚೆಯ ಕ್ಷೌರಿಕರ ಹೆಂಡತಿ. ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಕೆಲಸ. ಪಾಳಿ ಶುರುವಾಗುವ ಮೊದಲು ಓಡೋಡಿ ಬಂದಿದ್ದಾರೆ. ಅವರ ಹಿಂದೆ ಬಾಗಿಲಿಗೆ ಒರಗಿ ನಿಂತವರೇ ಕ್ಷೌರಿಕ. ಬೀದಿಯವರು ಅವರಿಗಿಟ್ಟ ಹೆಸರು ರೇಡಿಯೋ. ಕುರ್ಚಿಗೆ ಕೂತವರ ತಲೆಗೂದಲು ಮುಗಿದರೂ ಅವರ ಮಾತು ಮುಗಿಯುತ್ತಿರಲಿಲ್ಲ. ಕಳೆದ ಚಳಿಗಾಲದಲ್ಲಿ ಗಂಟಲಿನ ಗಡ್ಡೆಗೆಂದು ಆಸ್ಪತ್ರೆ ಸೇರಿದವರು ಧ್ವನಿಪೆಟ್ಟಿಗೆಯನ್ನೇ ಕೊಟ್ಟು ಬಂದರು. ಈಗ ಕೊರಳಿಗೊಂದು ತೆಳ್ಳನೆಯ ಬಟ್ಟೆ, ಕೈಯಲ್ಲಿ ಬರೆದು ಒರೆಸುವ ಬಿಳಿ ಹಲಗೆ.

ಹಲಗೆಯ ಮೇಲೆ ಅವರು ಗೀಚಿ ತೋರಿಸುತ್ತಾರೆ: "ನನ್ನನ್ನೂ ಸೇರಿಸಿ ಮಾರಿದ್ದಾಳಾ, ಕೇಳಿ."

ಹೆಂಡತಿ ಓರೆಗಣ್ಣಲ್ಲಿ ಓದಿಕೊಳ್ಳುತ್ತಾರೆ. "ನಿಮ್ಮನ್ನ ಯಾರು ತಗೋತಾರೆ? ಮಾತಾಡ್ತಿದ್ದಾಗಲೇ ಯಾರೂ ಕೇಳಲಿಲ್ಲ."

ಮೇಜಿನ ಹಿಂದಿರುವವರನ್ನು ಇಡೀ ಬೀದಿ ಡಿಸ್ಕಕ್ಕ ಎನ್ನುತ್ತದೆ. ಅಂಗಡಿಯ ಬೋರ್ಡಿನಲ್ಲಿ ಅವರ ಹೆಸರಿಲ್ಲ, ಅವರ ಕೆಲಸದ ಹೆಸರೂ ಇಲ್ಲ. ಅಲ್ಲಿರುವುದು ಒಂದು ಬ್ಯಾಗಿನ ಚಿತ್ರ, ಒಂದು ಕೊಡೆಯ ಚಿತ್ರ. ಬಂದವರು ಮೊದಲು ಮುಂಭಾಗದಲ್ಲಿ ಕೂತ ಅವರ ಅತ್ತೆಯನ್ನು ದಾಟಬೇಕು. ಅತ್ತೆ ಬಾಯಿಯಲ್ಲಿ ದಾರ ಕಚ್ಚಿಕೊಂಡೇ ಬಂದವರ ಕೈ ನೋಡುತ್ತಾರೆ. ಬ್ಯಾಗಿದ್ದರೆ ಇಲ್ಲೇ ಕೂರಿ, ಬರಿಗೈಯಾಗಿದ್ದು ಮುಖ ಬಾಡಿದ್ದರೆ ಒಳಗೆ ಹೋಗಿ. ಅಷ್ಟೇ ವಿಚಾರಣೆ.

"ನಂದೇ ಸುಖ," ಎನ್ನುತ್ತಾರೆ ಅತ್ತೆ. "ಒಳಗೆ ಏನಿದೆ ಅಂತ ನಾನು ಕೇಳಲ್ಲ, ಬಾಯಿ ಸರಿಯಾಗಿ ಮುಚ್ಚತ್ತಾ ಅಂತ ನೋಡ್ತೀನಿ. ಇವಳಿಗೆ ಬಾಯಿ ತೆರೆಸೋ ಕೆಲಸ. ತೆರೆಯೋದು ಕಷ್ಟ ಕಣಪ್ಪ."

ಡಿಸ್ಕಕ್ಕನ ಬಳಿಗೆ ದಿನಕ್ಕೆ ಐದಾರು ಜನ ಬರುತ್ತಾರೆ. ಕೆಟ್ಟುಹೋದ ಡಿಸ್ಕು ತರುವವರು ಕಡಿಮೆ. ಹೆಚ್ಚಿನವರು ತರುವುದು ಚೆನ್ನಾಗಿಯೇ ಇರುವ, ಆದರೆ ಮನೆಗೊಂದು ಮುಖ ತೋರಿಸುವ ಡಿಸ್ಕನ್ನು. ಗಂಡನ ಕಂಪ್ಯೂಟರಿನಲ್ಲಿ ತೆರೆಯುತ್ತದೆ, ಹೆಂಡತಿಯದರಲ್ಲಿ ತೆರೆಯುವುದಿಲ್ಲ. ಕಚೇರಿಯಲ್ಲಿ ಫೈಲು ಕಾಣುತ್ತದೆ, ಮನೆಯಲ್ಲಿ ಬರೀ ಖಾಲಿ. ಅದರ ಮೇಲೆ ಪಾಸ್‌ವರ್ಡಿನ ಬೀಗ ಬೇರೆ ಬಿದ್ದಿದ್ದರೆ ಬೇರೆ ಅಂಗಡಿಯವರು ಕೈ ಎತ್ತುತ್ತಾರೆ. ಬೀಗ ಬಿದ್ದ ಡಿಸ್ಕಿನೊಳಗೆ ಇರುವುದೆಲ್ಲ, ಪಾಸ್‌ವರ್ಡ್ ಕೊಡದವರ ಪಾಲಿಗೆ, ಕಲಸಿಟ್ಟ ಅಕ್ಷರಗಳ ರಾಶಿ.

ಈ ಕೆಲಸ ಅವರನ್ನು ಹುಡುಕಿಕೊಂಡು ಬಂದದ್ದು ಒಂದು ಮುದ್ರಣಾಲಯದಲ್ಲಿ. ಮದುವೆಗೆ ಮೊದಲು ಅಲ್ಲಿ ಪುಟ ಜೋಡಿಸುತ್ತಿದ್ದರು. ಬರೆಯುವವರು ಒಬ್ಬೊಬ್ಬರು ಒಂದೊಂದು ಯಂತ್ರದಿಂದ ಫೈಲು ತರುತ್ತಿದ್ದರು. ಇಲ್ಲಿ ತೆರೆದರೆ ಅಕ್ಷರಗಳ ಬದಲು ಸಾಲು ಸಾಲು ಚೌಕ. "ಅವರು ನಮ್ಮನ್ನ ಬೈಯೋರು, ಯಜಮಾನರು ಅವರನ್ನ ಬೈಯೋರು. ನಾನು ಮಧ್ಯ ಕೂತು ಫೈಲು ಎಲ್ಲಿಂದ ಬಂತು, ಹೇಗೆ ಬಂತು ಅಂತ ಕೇಳ್ತಾ ಹೋಗ್ತಿದ್ದೆ. ಕೇಳ್ತಾ ಕೇಳ್ತಾ ಅದೇ ಕೆಲಸ ಆಯ್ತು," ಎನ್ನುತ್ತಾರೆ. ಮುದ್ರಣಾಲಯ ಮುಚ್ಚಿತು. ಗಂಡ ಸರಕಿನ ಲಾರಿ ಓಡಿಸುತ್ತಾರೆ, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಅತ್ತೆಯೇ ಹಳೇ ಸೂಟ್‌ಕೇಸುಗಳನ್ನು ಅತ್ತ ಸರಿಸಿ ಈ ಮೂಲೆ ಬಿಟ್ಟುಕೊಟ್ಟರು.

ಅವರ ಕೆಲಸಕ್ಕೆ ಅವರದೇ ಕಟ್ಟುಪಾಡುಗಳಿವೆ. ಡಿಸ್ಕನ್ನು ಕೈಗೆ ತೆಗೆದುಕೊಂಡ ಕೂಡಲೇ ಯಂತ್ರಕ್ಕೆ ಚುಚ್ಚುವುದಿಲ್ಲ. ಮೊದಲು ಕೇಳುವ ಪ್ರಶ್ನೆ ಒಂದೇ: "ಇದು ಯಾರ್ಯಾರ ಮನೆ ಊಟ ಉಂಡು ಬಂದಿದೆ?" ಬಂದವರು ಎಷ್ಟು ಯಂತ್ರಗಳ ಹೆಸರು ಹೇಳುತ್ತಾರೋ ಅಷ್ಟನ್ನೂ ಬಳಪದಿಂದ ಮೇಜಿನ ಮೇಲೇ ಬರೆಯುತ್ತಾರೆ, ಕೆಲಸ ಮುಗಿದ ಮೇಲೆ ಅಂಗೈಯಿಂದ ಒರೆಸುತ್ತಾರೆ. ಪಾಸ್‌ವರ್ಡನ್ನು ಬಾಯಲ್ಲಿ ಹೇಳಿಸಿಕೊಳ್ಳುವುದಿಲ್ಲ. ಕೀಬೋರ್ಡನ್ನು ಅತ್ತ ತಳ್ಳಿ, ತಾವು ಕುರ್ಚಿ ತಿರುಗಿಸಿ ಗೋಡೆಯತ್ತ ಮುಖ ಮಾಡಿ ಕೂರುತ್ತಾರೆ. ಡಿಸ್ಕಿನ ಇನ್ನೊಂದು ಪೂರ್ತಿ ನಕಲು ಕೈಗೆ ಬರುವ ತನಕ ಅದರೊಳಗಿನ ಒಂದು ಚುಕ್ಕಿಯನ್ನೂ ಬದಲಿಸುವುದಿಲ್ಲ.

ಕಷ್ಟ ಏನೆಂದರೆ ಕತ್ತು ನೋವು, ಕಣ್ಣು ಉರಿ ಎಂದಷ್ಟೇ ಹೇಳುತ್ತಾರೆ. ಅತ್ತೆ ಇನ್ನೊಂದನ್ನು ಸೇರಿಸುತ್ತಾರೆ. "ಇವಳಿಂದ ಕೆಲಸ ಮಾಡಿಸ್ಕೊಂಡೋರು ರಸ್ತೆಯಲ್ಲಿ ಕಂಡ್ರೆ ಆ ಕಡೆ ದಾಟಿ ಹೋಗ್ತಾರೆ. ಮನೆಯೊಳಗಿನದನ್ನೆಲ್ಲ ಇವಳು ನೋಡಿಬಿಟ್ಟಿದಾಳೇನೋ ಅಂತ ಭಯ."

ಸೊಸೆಗೆ ಅದರಿಂದ ಬೇಸರವಿದ್ದಂತಿಲ್ಲ. "ಹೋಗ್ಲಿ ಬಿಡಿ ಅತ್ತೆ. ನಾನೂ ನೋಡಿಲ್ಲ ಅನ್ನೋ ಹಾಗೇ ಹೋಗ್ತೀನಿ."

ಕ್ಷೌರಿಕರ ಡಿಸ್ಕು ಈ ಮೇಜಿಗೆ ಬರುವ ಮೊದಲು ಸಾಕಷ್ಟು ಅಲೆದಿದೆ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದಾಗ ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್ ಒಂದು ದಾರಿ ತೋರಿಸಿದ್ದರು. ಧ್ವನಿ ಇರುವಾಗಲೇ ನೂರಾರು ವಾಕ್ಯಗಳನ್ನು ಓದಿ ರೆಕಾರ್ಡ್ ಮಾಡಿಟ್ಟರೆ, ಮುಂದೆ ಅವರು ಫೋನಿನಲ್ಲಿ ಟೈಪು ಮಾಡಿದ್ದನ್ನು ಅವರದೇ ಧ್ವನಿಯಲ್ಲಿ ಆಡಿಸುವಂತೆ ಮಾಡಬಹುದು. ದಂಪತಿ ಮನೆಯ ಹಳೇ ವಿಂಡೋಸ್ ಲ್ಯಾಪ್‌ಟಾಪಿನ ಮುಂದೆ ಕೂತು ರೆಕಾರ್ಡ್ ಮಾಡಿದರು. ಕೊಟ್ಟ ವಾಕ್ಯಗಳು ಮುಗಿದ ಮೇಲೆ ರೇಡಿಯೋ ತಮ್ಮ ಮಾತುಗಳನ್ನೂ ಸೇರಿಸಿದರು. ತಲೆ ಅಲ್ಲಾಡಿಸಬೇಡಿ, ಕಿವಿ ಹಾರಿಹೋಗುತ್ತೆ. ಮೀಸೆ ಇರಲೋ, ಹೋಗಲೋ. ಹೆಂಡತಿಯನ್ನು ಕರೆಯುವ ಮಾತೇ ಏಳೆಂಟು ರಾಗದಲ್ಲಿದೆಯಂತೆ, ಮುನಿಸಿನದು ಬೇರೆ, ಹಸಿವಿನದು ಬೇರೆ.

"ರೋಗಿಗಳ ವಿಷಯ, ಬೀಗ ಹಾಕಿಯೇ ಇಡಿ" ಎಂದು ಆಸ್ಪತ್ರೆಯವರು ಹೇಳಿದ್ದರಿಂದ ಡಿಸ್ಕಿಗೆ ಪಾಸ್‌ವರ್ಡಿನ ಬೀಗ ಬಿತ್ತು. ಯಾವ ಯಂತ್ರದಲ್ಲಾದರೂ ತೆರೆಯುವಂಥ ಬೀಗ. ಶಸ್ತ್ರಚಿಕಿತ್ಸೆ ಆಯಿತು. ತೆವಳುತ್ತಿದ್ದ ಲ್ಯಾಪ್‌ಟಾಪನ್ನು ಪರಿಚಯದವರಿಗೆ ಮಾರಿದರು. ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕನಾಗಿರುವ ಹೆಂಡತಿಯ ತಮ್ಮ ತನ್ನ ಲಿನಕ್ಸ್ ಲ್ಯಾಪ್‌ಟಾಪನ್ನು ತಂದುಕೊಟ್ಟ. ಗಾಯ ಮಾಗಿದ ಮೇಲೆ ಡಿಸ್ಕನ್ನು ಅದಕ್ಕೆ ಹಾಕಿದರೆ ಪಾಸ್‌ವರ್ಡ್ ಹಿಡಿಯಿತು, ಫೋಲ್ಡರ್ ತೆರೆಯಿತು, ಫೈಲುಗಳೆಲ್ಲ ಸಾಲಾಗಿ ನಿಂತಿದ್ದವು. ಒಂದನ್ನು ಒತ್ತಿದರೆ "ಅನುಮತಿ ಇಲ್ಲ". ಇನ್ನೊಂದನ್ನು ಒತ್ತಿದರೂ ಅದೇ.

ತಮ್ಮ ಹೇಳಿದ್ದು, ಆಸ್ಪತ್ರೆಯ ಮ್ಯಾಕಿನಲ್ಲಿ ಹಾಕಿ ನೋಡಿ. ಆಸ್ಪತ್ರೆಯವರು ಹೇಳಿದ್ದು, ನಿಮ್ಮ ಲಿನಕ್ಸ್ ಏನೋ ಕೆಡಿಸಿದೆ. ಅವರ ಮೇಲೆ ಇವರು, ಇವರ ಮೇಲೆ ಅವರು ಹಾಕುತ್ತಾ ತಿಂಗಳು ಕಳೆಯಿತು. ಪರೀಕ್ಷಿಸಿ ನೋಡಲೆಂದು ಆ ತಮ್ಮ ಅದೇ ಫೋಲ್ಡರಿನಲ್ಲಿ ತನ್ನ ಧ್ವನಿಯನ್ನು ರೆಕಾರ್ಡ್ ಮಾಡಿದ. "ಹಲೋ ಹಲೋ, ಭಾವನ ಡಿಸ್ಕು." ಅದು ಎಲ್ಲ ಯಂತ್ರದಲ್ಲೂ ಸಲೀಸಾಗಿ ತೆರೆಯಿತು.

"ಉಳಿದ ಆಯಸ್ಸು ಭಾಮೈದನ ಧ್ವನಿಯಲ್ಲಿ ಮಾತಾಡಬೇಕಾ?" ಎಂದು ರೇಡಿಯೋ ಅವತ್ತು ಹಲಗೆಯಲ್ಲಿ ಬರೆದರಂತೆ. ಹೆಂಡತಿ ಇದನ್ನು ಹೇಳುವಾಗ ನಗುವುದಿಲ್ಲ. ಮದುವೆಯ ವಿಡಿಯೋದಲ್ಲಿ ಗಂಡ ಆಡಿದ ಎರಡು ಮಾತು ಬಿಟ್ಟರೆ ಆ ಧ್ವನಿಯ ಇನ್ನೊಂದು ತುಣುಕು ಮನೆಯಲ್ಲಿಲ್ಲ. ಮತ್ತೆ ರೆಕಾರ್ಡ್ ಮಾಡೋಣವೆಂದರೆ ಧ್ವನಿಯೇ ಇಲ್ಲ.

ಡಿಸ್ಕಕ್ಕನಿಗೆ ಸುಳಿವು ಕೊಟ್ಟದ್ದು ಆ ಭಾಮೈದನ ಹಲೋ. ಡಿಸ್ಕು ಕೆಟ್ಟಿದ್ದರೆ ಅದೂ ಕೆಡಬೇಕಿತ್ತು. ಲಿನಕ್ಸಿನಲ್ಲಿ ಬರೆದದ್ದು ತೆರೆಯುತ್ತದೆ, ಹಳೇ ಲ್ಯಾಪ್‌ಟಾಪಿನಲ್ಲಿ ಬರೆದದ್ದು ಮಾತ್ರ ತೆರೆಯುವುದಿಲ್ಲ. ಹಾಗಾದರೆ ಗುಟ್ಟು ಹಳೇ ಮನೆಯಲ್ಲಿದೆ. ಖಾತ್ರಿ ಮಾಡಿಕೊಳ್ಳಲು, ಬರೆಯಲು ಬಾರದ ಹಾಗೆ, ಓದಲಷ್ಟೇ ಆಗುವ ಹಾಗೆ ಕಟ್ಟು ಹಾಕಿ ಡಿಸ್ಕನ್ನು ತಮ್ಮ ವಿಂಡೋಸ್ ಯಂತ್ರಕ್ಕೆ ಸೇರಿಸಿ, ನಕಲಿಗೂ ಹಾಕುತ್ತಾರೆ. ಹೆಂಡತಿ ಡಿಸ್ಕಿನ ಪಾಸ್‌ವರ್ಡ್ ಹೊಡೆದ ಮೇಲೆ ಫೈಲುಗಳ ಹೆಸರು ತೆರೆಯ ಮೇಲೆ ಸಾಲಾಗಿ ಮೂಡುತ್ತವೆ. ಭಾಮೈದನ ಫೈಲಿನ ಹೆಸರು ಕಪ್ಪು. ಉಳಿದವೆಲ್ಲ ಹಸಿರು.

"ಮನೇಲೂ ಹೀಗೇ ಹಸಿರು ಕಾಣ್ತಿತ್ತಾ ಅಮ್ಮಾ?"

"ಹೂಂ. ನಾನೇ ಮಾಡಿದ್ದು. ಭದ್ರವಾಗಿ ಇಡಿ ಅಂದಿದ್ರಲ್ಲ ಆಸ್ಪತ್ರೆಯವರು. ಫೋಲ್ಡರಿನ ಮೇಲೆ ಒತ್ತಿದ್ರೆ ಇನ್ನೊಂದು ಬೀಗದ ಗುರುತು ಹಾಕೋ ಜಾಗ ಇತ್ತು, ಹಾಕಿದೆ. ಎಲ್ಲ ಹಸಿರಾಯ್ತು. ಹಸಿರು ಅಂದ್ರೆ ಸರಿ ಇದೆ ಅಂತ ತಾನೇ?"

ಡಿಸ್ಕಕ್ಕ ಕುರ್ಚಿಯನ್ನು ಅವರತ್ತ ತಿರುಗಿಸುತ್ತಾರೆ. ನಂತರ ತಾಳ್ಮೆಯಿಂದ ಬಿಡಿಸಿ ಹೇಳುತ್ತಾರೆ. ಡಿಸ್ಕಿನದು ಬೀದಿಬಾಗಿಲಿನ ಬೀಗ, ಅದರ ಪಾಸ್‌ವರ್ಡ್ ನಿಮ್ಮ ತಲೆಯಲ್ಲಿದೆ. ನೀವು ಹಾಕಿದ ಎರಡನೆಯದು ಒಳಗಿನ ಕೋಣೆಯ ಬೀಗ. ಆ ಬೀಗದ ಕೈಯನ್ನು ಲ್ಯಾಪ್‌ಟಾಪು ತಾನೇ ಮಾಡಿಕೊಂಡು, ನಿಮ್ಮ ಖಾತೆಯೊಳಗೆ ತಾನೇ ಬಚ್ಚಿಟ್ಟುಕೊಳ್ಳುತ್ತದೆ. ನೀವು ಆ ಖಾತೆಯಲ್ಲಿ ಕೂತಿರುವಷ್ಟು ಹೊತ್ತು ಬೀಗ ಇದೆ ಎಂದೇ ತಿಳಿಯುವುದಿಲ್ಲ. ಬೇರೆ ಯಾವ ಯಂತ್ರಕ್ಕೆ ಹೋದರೂ ತೆರೆಯುವುದಿಲ್ಲ.

"ಅಂದ್ರೆ ತಪ್ಪು ನಂದೇ," ಎನ್ನುತ್ತಾರೆ ಹೆಂಡತಿ.

"ಬೀಗ ಹಾಕಿ ಅಂದ್ರು, ಹಾಕಿದ್ರಿ. ತಪ್ಪು ಅಂತ ಯಾಕೆ? ಮಾರೋವಾಗ ಲ್ಯಾಪ್‌ಟಾಪ್ ಒರೆಸಿ ಕೊಟ್ರಾ?"

"ಒರೆಸಿದೆನಲ್ಲ, ಒದ್ದೆ ಬಟ್ಟೇಲಿ."

"ಆ ಒರೆಸೋದಲ್ಲಮ್ಮಾ. ಒಳಗಿಂದು."

"ಇಲ್ಲ. ಅವರಿಗೆ ಬೇರೆ ಖಾತೆ ಮಾಡಿಕೊಟ್ಟೆ. ನಮ್ಮದು ಹಾಗೇ ಇತ್ತು ಅನ್ಸುತ್ತೆ."

"ಬೇರೆಯವರಿಗೆ ಮಾರೋವಾಗ ಹಾಗೆ ಬಿಡಬಾರದು. ನೀವು ಬಿಟ್ಟಿದ್ದೇ ಈಗ ಒಳ್ಳೇದಾಯ್ತು. ಯಾರು ತಗೊಂಡಿದ್ದು?"

ತೆಗೆದುಕೊಂಡವರು ಮಾರುಕಟ್ಟೆ ಮೂಲೆಯ ಬೇಕರಿಯ ಯಜಮಾನಿ. ಹೆಂಡತಿ ಫೋನ್ ಮಾಡಿ ಸ್ಪೀಕರಿಗೆ ಹಾಕುತ್ತಾರೆ. ಆ ಕಡೆ ತಟ್ಟೆಗಳ ಸದ್ದು, ಯಾರಿಗೋ ಬೈಗುಳ. ಈ ಕಡೆ ಅತ್ತೆಯ ಹೊಲಿಗೆಯಂತ್ರವೂ ನಿಂತಿದೆ.

"ಆ ಲ್ಯಾಪ್‌ಟಾಪಾ?" ಎನ್ನುತ್ತಾರೆ ಬೇಕರಿಯವರು. "ಏನು ನಿಧಾನ ಮಾರಾಯ್ತಿ ಅದು. ಒಂದು ಹಾಡು ಹಾಕಿದ್ರೆ ಬ್ರೆಡ್ ಬೆಂದಮೇಲೆ ಶುರುವಾಗುತ್ತೆ. ಇವತ್ತು ಮಧ್ಯಾಹ್ನ ಅಳಿಯ ಬರ್ತಾನೆ, ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಡ್ತೀನಿ ಅಂದಿದಾನೆ."

ಸ್ಟೂಲಿನಲ್ಲಿದ್ದವರು ಎದ್ದು ನಿಲ್ಲುತ್ತಾರೆ. ಕ್ಷೌರಿಕರು ಬಾಗಿಲು ಬಿಟ್ಟು ಮೇಜಿನ ಹತ್ತಿರ ಬರುತ್ತಾರೆ. ಡಿಸ್ಕಕ್ಕ ಮಾತ್ರ ಕೂತಲ್ಲಿಂದಲೇ ಫೋನಿನತ್ತ ಬಾಗುತ್ತಾರೆ.

"ಅಕ್ಕಾ, ನಾನು ಡಿಸ್ಕ್ ರಿಪೇರಿಯವಳು. ಈಗ ಅದನ್ನ ಆನ್ ಮಾಡಿ. ಬೇರೆ ಏನೂ ಒತ್ತಬೇಡಿ."

"ಒತ್ತದೆ ಆನ್ ಹೇಗೆ ಮಾಡ್ಲಿ?"

"ಅದೊಂದು ಒತ್ತಿ. ಆಮೇಲೆ ಕೈ ಕಟ್ಕೊಂಡು ನಿಂತ್ಕೊಳ್ಳಿ."

"ಕೈಯೆಲ್ಲ ಹಿಟ್ಟು, ಕಟ್ಕೊಳ್ಳೋದು ಎಲ್ಲಿಗೆ. ಹಾಂ, ಬಂತು. ತಿರುಗ್ತಾ ಇದೆ. ಇನ್ನೂ ತಿರುಗ್ತಾ ಇದೆ. ಇದು ತಿರುಗೋಷ್ಟರಲ್ಲಿ ನಾನು ಒಂದು ಒಲೆ ಇಳಿಸಿ ಬರ್ತೀನಿ."

ಫೋನಿನಲ್ಲಿ ಒಲೆಯ ಬಾಗಿಲು ತೆರೆದು ಮುಚ್ಚಿದ ಸದ್ದು. ಕೊನೆಗೆ ಯಜಮಾನಿ ವಾಪಸು ಬರುತ್ತಾರೆ.

"ಎರಡು ಗುಂಡು ಚಿತ್ರ ಇದೆ. ಒಂದು ನಂದು, ಇನ್ನೊಂದರಲ್ಲಿ ಕತ್ತರಿ."

"ಆ ಕತ್ತರಿ ನಮ್ಮದೇ," ಎನ್ನುತ್ತಾರೆ ಹೆಂಡತಿ, ಬಹಳ ಮೆಲ್ಲಗೆ.

"ಕತ್ತರಿ ಮೇಲೆ ಒತ್ತಿ ಅಕ್ಕಾ. ನೇರ ತೆರೀತಾ, ಏನಾದ್ರೂ ಕೇಳ್ತಾ?"

"ಪಾಸ್‌ವರ್ಡ್ ಕೇಳ್ತಾ ಇದೆ. ಅಳಿಯನೂ ಅದನ್ನ ತೆಗೆಯೋಕೆ ಹೋಗಿ ಆಗ್ದೆ ಬಿಟ್ಟ."

ಬೆಳಿಗ್ಗೆಯಿಂದ ಮೊದಲ ಬಾರಿಗೆ ಡಿಸ್ಕಕ್ಕ ಕುರ್ಚಿಯ ಬೆನ್ನಿಗೆ ಒರಗುತ್ತಾರೆ. "ಕೇಳಿದ್ದು ಒಳ್ಳೇದು. ಕೇಳದೆ ತೆರೆದಿದ್ರೆ ಯಾರೋ ಆ ಪಾಸ್‌ವರ್ಡ್ ಕಿತ್ತು ಹಾಕಿದಾರೆ ಅಂತ ಅರ್ಥ. ಹಾಗೆ ಕಿತ್ರೆ ಬೀಗದ ಕೈಗೂ ಧಕ್ಕೆ. ಹಾಗೇ ಆಫ್ ಮಾಡಿ ಅಕ್ಕಾ. ಅಳಿಯಂದಿರಿಗೆ ಮುಟ್ಟಬೇಡಿ ಅಂತ ಹೇಳಬೇಕು ನೀವು."

"ಯಾಕೆ, ಏನಿದೆ ಅದರಲ್ಲಿ?"

ಹೆಂಡತಿ ಹೇಳುತ್ತಾರೆ. ಇಡೀ ಕತೆ ಹೇಳುವುದಿಲ್ಲ. "ನಮ್ಮನೆಯವರ ಮಾತಿದೆ ಅಕ್ಕ," ಎಂದಷ್ಟೇ.

ಆ ಕಡೆ ತಟ್ಟೆಗಳ ಸದ್ದು ನಿಲ್ಲುತ್ತದೆ. "ರೇಡಿಯೋದಾ? ನನ್ನ ಮಗನ ಮೊದಲ ಕೂದಲು ತೆಗೆದೋರು ಅವರು. ಅಳಿಯನ ವಿಷಯ ನನಗೆ ಬಿಡಿ. ಹಿಟ್ಟಿನ ಡಬ್ಬದೊಳಗೆ ಇಟ್ಟು ಮುಚ್ಚಳ ಹಾಕ್ತೀನಿ, ಯಾರಿಗೂ ಸಿಗಲ್ಲ."

"ಹಿಟ್ಟಿನ ಡಬ್ಬ ಬೇಡ," ಎನ್ನುತ್ತಾರೆ ಡಿಸ್ಕಕ್ಕ. "ಕಪಾಟು ಸಾಕು."

ಇನ್ನೊಂದು ತೊಡಕು ಉಳಿದಿದೆ. ಕತ್ತರಿಯ ಪಾಸ್‌ವರ್ಡ್ ಹೆಂಡತಿಗೆ ಗೊತ್ತೇ ಎಂದು ಡಿಸ್ಕಕ್ಕ ಕೇಳಿದಾಗ ಅವರು ಹೂಂ ಎನ್ನುತ್ತಾರೆ, ಆಮೇಲೆ ತುಟಿ ಅಲ್ಲಾಡಿಸಿ ನೋಡುತ್ತಾರೆ. ದಿನಾ ಹೊಡೆಯುತ್ತಿದ್ದದ್ದು. ತಿಂಗಳುಗಳಿಂದ ಹೊಡೆದಿಲ್ಲ. ಕೊನೆಯಲ್ಲಿ ಅಂಕಿ ಇತ್ತೋ, ನಡುವೆ ಇತ್ತೋ. ಗಂಡನತ್ತ ತಿರುಗುತ್ತಾರೆ. ಅವರು ತಲೆಯಾಡಿಸುತ್ತಾರೆ. ಲ್ಯಾಪ್‌ಟಾಪು ತೆರೆದುಕೊಡುತ್ತಿದ್ದದ್ದು ಯಾವಾಗಲೂ ಹೆಂಡತಿಯೇ.

"ನೆನಪಿಸ್ಕೋಬೇಡಿ," ಎನ್ನುತ್ತಾರೆ ಡಿಸ್ಕಕ್ಕ. "ಈಗ ನೆನೆಸಿ ನೆನೆಸಿ ಹತ್ತು ತರಹ ಮಾಡ್ಕೊಂಡ್ರೆ ಇರೋದೂ ಹೋಗುತ್ತೆ. ಅದೇ ಲ್ಯಾಪ್‌ಟಾಪ್ ಮುಂದೆ, ಅದೇ ಕೀಲಿಗಳ ಮೇಲೆ ಕೈ ಇಟ್ಟಾಗ ಬೆರಳು ತಾನೇ ಹೋಗುತ್ತೆ. ಹಾಗೆ ಬೆರಳು ಹೋದೋರನ್ನ ನಾನು ನೋಡಿದೀನಿ. ಹೋಗದೆ ಇದ್ದೋರನ್ನೂ ನೋಡಿದೀನಿ."

"ಹಾಗಾದ್ರೆ ಈಗಲೇ ಹೋಗೋಣ. ನಾನು ಪಾಳಿಗೆ ರಜೆ ಹಾಕ್ತೀನಿ."

"ಈಗ ಆಗಲ್ಲ. ನಕಲು ಅರ್ಧಕ್ಕೂ ಬಂದಿಲ್ಲ, ಸಂಜೆ ಆಗುತ್ತೆ. ನಕಲು ಕೈಗೆ ಬರದೆ ಈ ಡಿಸ್ಕನ್ನ ಆ ಲ್ಯಾಪ್‌ಟಾಪಿಗೆ ನಾನು ಸೇರಿಸಲ್ಲ."

"ಒಂದು ಸಲ ನೋಡೋಣ ಅಷ್ಟೇ."

"ಅಮ್ಮಾ, ಇದು ಒಂದೇ ಇರೋದು."

ಹೆಂಡತಿ ಮತ್ತೆ ಸ್ಟೂಲಿನ ಮೇಲೆ ಕೂರುತ್ತಾರೆ. ಪರದೆಯಾಚೆಯಿಂದ ಅತ್ತೆ, ಯಾರನ್ನೂ ಉದ್ದೇಶಿಸದೆ, "ಅವಳು ಹಾಗೇ. ಅವಳ ಗಂಡ ಲಾರಿ ಹೊರಡಿಸೋಕೆ ಕಾಯ್ತಾ ಇದ್ರೂ ನಕಲು ಮುಗೀದೆ ಏಳಲ್ಲ," ಎನ್ನುತ್ತಾರೆ. ಹೊಲಿಗೆಯಂತ್ರ ಮತ್ತೆ ಟಕಟಕ ಎನ್ನತೊಡಗುತ್ತದೆ.

ಇಂಥ ಡಿಸ್ಕುಗಳಲ್ಲಿ ಎಷ್ಟು ತೆರೆಯುತ್ತವೆ ಎಂದು ಕೇಳಿದರೆ ಲೆಕ್ಕ ಇಟ್ಟಿಲ್ಲ ಎನ್ನುತ್ತಾರೆ ಡಿಸ್ಕಕ್ಕ. ಇಟ್ಟರೆ ಮುಂದಿನ ಡಿಸ್ಕು ಹಿಡಿಯುವಾಗ ಅದೇ ತಲೆಯಲ್ಲಿ ಕೂರುತ್ತದಂತೆ. ಆಸೆ ಏನಾದರೂ ಇದೆಯೇ ಎಂದರೆ, ಮೇಜಿನ ಎತ್ತರಕ್ಕೆ ಸರಿಹೋಗುವ ಒಂದು ಕುರ್ಚಿ. ಅತ್ತೆ ಕೊಡುತ್ತೇನೆ ಎಂದು ಹೇಳಿ ಬಹಳ ಕಾಲವಾಯಿತಂತೆ. "ಕೊಟ್ರೆ ಎದ್ದೇಳೋದೇ ಇಲ್ಲ," ಎಂಬ ಮಾತು ಹೊರಗಿನಿಂದ ಕೂಡಲೇ ಬರುತ್ತದೆ.

ದಂಪತಿ ಹೊರಡುವ ಮೊದಲು ಬೇಕರಿಗೆ ಇನ್ನೊಂದು ಫೋನು. ಒಲೆಗೆ ಮೊದಲ ಸುತ್ತು ಹಾಕಿದ ಮೇಲೆ ಸ್ವಲ್ಪ ಬಿಡುವು ಸಿಗುತ್ತದೆ, ನಾಳೆ ಬೆಳಿಗ್ಗೆ ಆರಕ್ಕೆ ಹಿಂಬಾಗಿಲಿಗೆ ಬಂದುಬಿಡಿ ಎನ್ನುತ್ತಾರೆ ಯಜಮಾನಿ.

"ತೆರೆಯುತ್ತೆ ತಾನೇ?" ಹೆಂಡತಿ ಪರದೆ ಹಿಡಿದುಕೊಂಡು ಕೇಳುತ್ತಾರೆ.

"ತೆರೀತೀನಿ ಅಂತ ನಾನು ಹೇಳಿಲ್ಲಮ್ಮಾ. ಬರ್ತೀನಿ ಅಂತ ಹೇಳಿದೀನಿ." ಡಿಸ್ಕಕ್ಕ ಕ್ಷೌರಿಕರತ್ತ ನೋಡುತ್ತಾರೆ. "ಅಣ್ಣಾ, ನೀವು ನಾಳೆ ಬರೋದು ಬೇಡ. ಅವರು ಟೈಪ್ ಮಾಡೋವಾಗ ಪಕ್ಕದಲ್ಲಿ ನೀವು ನಿಂತಿದ್ರೆ ಕೈ ತಪ್ಪುತ್ತೆ."

ರೇಡಿಯೋ ಹಲಗೆ ಒರೆಸುತ್ತಾರೆ. ನಿಧಾನವಾಗಿ, ಅಕ್ಷರ ಗುಂಡಗೆ ಬರುವ ಹಾಗೆ ಬರೆದು, ಹೆಂಡತಿಗೆ ಕಾಣದಂತೆ ಡಿಸ್ಕಕ್ಕನ ಕಡೆಗೆ ತಿರುಗಿಸುತ್ತಾರೆ.

"ಬರ್ತೀನಿ. ಮಾತಾಡಲ್ಲ."

ಡಿಸ್ಕಕ್ಕ ಅದನ್ನು ಓದಿ, ಮತ್ತೊಮ್ಮೆ ಓದಿ, ಮಿಣುಕುವ ದೀಪದ ಕಡೆಗೆ ಮುಖ ತಿರುಗಿಸಿಕೊಳ್ಳುತ್ತಾರೆ.

"ಆರಕ್ಕೆ," ಎನ್ನುತ್ತಾರೆ. "ಹಿಂಬಾಗಿಲು. ಮೂರೂ ಜನ."